ಮಂಗಳವಾರದವರ ಫೈಲುಗಳು

ರೆಕಾರ್ಡ್ ರೂಮಿನ ಬೀಗಕ್ಕೆ ಕೈ ಹಾಕುವ ಮೊದಲು ತ್ರಿಪುರಸುಂದರಿ ಚಪ್ಪಲಿ ಕಳಚಿ ಗೋಡೆಯ ಬದಿಗೆ ಜೋಡಿಸಿಡುತ್ತಾಳೆ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿಲ್ಲ. ನರಸಿಂಹರಾಜಪುರದ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ಬಿಟ್ಟರೆ ಬೇರೆಲ್ಲೂ ಚಪ್ಪಲಿ ಬಿಡಬೇಕೆಂಬ ನಿಯಮವಿಲ್ಲ. ರೆಕಾರ್ಡ್ ರೂಮೆಂದರೆ ಔಷಧಿ ಅಂಗಡಿಯ ಹಿಂದಿನ ಒಂದು ಉದ್ದನೆಯ ಕೋಣೆ. ಕಬ್ಬಿಣದ ರ‍್ಯಾಕುಗಳು, ನುಸಿಗುಳಿಗೆಯ ವಾಸನೆ, ಒಂದು ಟ್ಯೂಬ್‌ಲೈಟು. ವಾರ್ಡಿನ ಅಟೆಂಡರ್ ಕರಿಯಣ್ಣನಿಗೆ ಆ ಚಪ್ಪಲಿ ಜೋಡಿ ಕಂಡರೆ ನಾಲಿಗೆ ತುರಿಸುತ್ತದೆ.

"ಅಮ್ಮಾ, ಒಳಗೆ ಯಾವ ದೇವ್ರನ್ನ ಕೂರಿಸಿದ್ದೀರಿ ಮಾರಾಯ್ರೆ? ಒಂದಿನ ನಮಗೂ ಪ್ರಸಾದ ಕೊಡಿ."

"ದೇವ್ರಲ್ಲ ಕರಿಯಣ್ಣ, ಜನ. ಎಲ್ಲ ಮಲಗಿದ್ದಾರೆ. ನೀನು ಬಕೆಟ್ ಎತ್ತಿ ಹಾಕಬೇಡ."

ಅವಳು ತಮಾಷೆಗೆ ಹೇಳಿದ ಹಾಗೆ ಕಾಣುತ್ತದೆ. ತಮಾಷೆಯಲ್ಲ. ಒಂದೊಂದು ಫೈಲಿನಲ್ಲೂ ಒಬ್ಬೊಬ್ಬರು ಇದ್ದಾರೆ, ಬೇರೆ ಯಾರಿಗೂ ಹೇಳದ ಮಾತನ್ನು ಡಾಕ್ಟರಿಗೆ ಹೇಳಿ ಹೋಗಿದ್ದಾರೆ, ಆ ಮಾತು ಇಲ್ಲಿ ಉಳಿದಿದೆ ಎಂದೇ ಅವಳ ನಂಬಿಕೆ. ಮತ್ತೊಬ್ಬರ ಕಷ್ಟ ಇಟ್ಟ ಜಾಗಕ್ಕೆ ಚಪ್ಪಲಿ ಮೆಟ್ಟಿ ಹೋಗುವುದು ಅವಳಿಂದ ಆಗದು.

ಅವಳು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅಲ್ಲಿಗೆ ಓದು ನಿಂತಿತು. ಇಂಗ್ಲಿಷನ್ನು ಅವಳು ಕಲಿತದ್ದು ಮಾತ್ರೆಯ ಹಾಳೆಗಳಿಂದ. ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಡಾಕ್ಟರು ಗೀಚಿದ ಚೀಟಿಯನ್ನೂ ಔಷಧಿ ಅಂಗಡಿಯಿಂದ ಬಂದ ಮಾತ್ರೆಯ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು, ಈ ಗೀಚು ಈ ಅಕ್ಷರ, ಆ ಕೊಕ್ಕೆ ಆ ಅಕ್ಷರ ಎಂದು ಹೊಂದಿಸಿ ಹೊಂದಿಸಿ ಓದಿದಳು. ಎರಡು ವರ್ಷ ಆಗುವುದರೊಳಗೆ ಯಾವ ಡಾಕ್ಟರ ಕೈಬರಹವನ್ನು ಯಾರಿಗೂ ಓದಲಾಗದಿದ್ದರೂ ಚೀಟಿ ಅವಳ ಬಳಿಗೆ ಬರುತ್ತಿತ್ತು. ಹಾಗೆಯೇ ಒಂದು ದಿನ ರೆಕಾರ್ಡ್ ರೂಮಿನ ಬೀಗದ ಕೈಯೂ ಬಂತು.

ಆದರೆ ಆ ಆಸ್ಪತ್ರೆಗೆ ಅವಳು ಮೊದಲು ಬಂದದ್ದು ಕೆಲಸಕ್ಕಲ್ಲ. ಮದುವೆಯಾಗಿ ಮುತ್ತಿನಕೊಪ್ಪಕ್ಕೆ ಬಂದು ಆರು ವರ್ಷಕ್ಕೆ ಎರಡನೇ ಮಗು ಹುಟ್ಟಿತು. ಹೆಣ್ಣು. ಒಂಬತ್ತು ದಿನ ಇತ್ತು. ಅದು ಹೋದ ಮೇಲೆ ತ್ರಿಪುರಸುಂದರಿ ಮಾತು ಬಿಟ್ಟಳು. ಅತ್ತಿದ್ದರೆ ಯಾರಾದರೂ ಸಮಾಧಾನ ಹೇಳುತ್ತಿದ್ದರು. ಅವಳು ಅಳಲೂ ಇಲ್ಲ. ಕೊಟ್ಟರೆ ಉಂಡಳು, ಹೇಳಿದರೆ ಮಲಗಿದಳು. ಹನ್ನೊಂದು ವಾರ ಕಳೆದರೂ ಅವಳ ಬಾಯಿಂದ ಒಂದು ಶಬ್ದ ಬರಲಿಲ್ಲ. ಆಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ.

ನೆಂಟರೆಲ್ಲ ಬಂದು ಗುಟ್ಟಾಗಿ ಹೇಳಿದ್ದು ಒಂದೇ ಮಾತು. "ಎನ್.ಆರ್. ಪುರಕ್ಕೆ ಬೇಡ, ಅಲ್ಲಿ ಎಲ್ಲ ಗುರುತಿನವ್ರು. ಕೊಪ್ಪಕ್ಕೆ ಕರ್ಕೊಂಡು ಹೋಗಿ. ಇಲ್ಲಾ ಶಿವಮೊಗ್ಗ." ಆ ಕಡೆ ಮನಸ್ಸಿನ ಕಾಯಿಲೆಗೆ ಹೀಗೆ ಊರು ಬದಲಿಸುವ ರೂಢಿ ಹಳೆಯದು. ಎನ್.ಆರ್. ಪುರದವರು ಕೊಪ್ಪದ ಬಸ್ಸು ಹತ್ತುತ್ತಾರೆ, ಶೃಂಗೇರಿಯವರು ಎರಡು ಬಸ್ಸು ಬದಲಿಸಿ ಎನ್.ಆರ್. ಪುರಕ್ಕೆ ಬರುತ್ತಾರೆ. ಹತ್ತಿರದ ಆಸ್ಪತ್ರೆಯ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ.

ಅವಳ ಅತ್ತೆ ಶೇಷಮ್ಮ ಈ ಮಾತಿಗೆ ಸೊಪ್ಪು ಹಾಕಲಿಲ್ಲ. "ಕಾಲು ಮುರಿದಿದ್ರೆ ಕದ್ದು ಕರ್ಕೊಂಡು ಹೋಗ್ತಿದ್ನಾ? ಮನಸ್ಸು ಮುರ್ಕೊಂಡಿದ್ದಾಳೆ ನನ್ನ ಸೊಸೆ. ಕಳ್ಳತನ ಮಾಡಿಲ್ಲ," ಎಂದು ಸೊಸೆಗೆ ತಾನೇ ತಲೆ ಬಾಚಿ, ಒಳ್ಳೆ ಸೀರೆ ಉಡಿಸಿ, ಬೆಳಗಿನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳಿದವರಿಗೆಲ್ಲ ಗಟ್ಟಿಯಾಗಿ ಹೇಳಿದರು. ತಿಂಗಳಿಗೊಮ್ಮೆ ಹೀಗೆ. ನಾಲ್ಕನೆಯ ಸಲ ಆಸ್ಪತ್ರೆಯಿಂದ ಬಂದು ಊಟಕ್ಕೆ ಕೂತಾಗ ತ್ರಿಪುರಸುಂದರಿ ಬಾಯಿ ಬಿಟ್ಟಳು. "ಅತ್ತೆ, ಸಾರಿಗೆ ಉಪ್ಪು ಜಾಸ್ತಿ ಆಗಿದೆ."

ಶೇಷಮ್ಮ ಬಡಿಸುತ್ತಿದ್ದ ಸೌಟನ್ನು ಅಲ್ಲೇ ಬಿಟ್ಟು ಬಾವಿಕಟ್ಟೆಗೆ ಹೋಗಿ ಒಬ್ಬರೇ ಅತ್ತು ಬಂದರು. ಮರುದಿನದಿಂದ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ, "ನನ್ನ ಅಡುಗೆಗೆ ಹೆಸರಿಟ್ಟೇ ಹುಷಾರಾದ್ಲು ನೋಡಿ ಇವ್ಳು," ಎಂದು ಹೇಳಿ ನಗುತ್ತಿದ್ದರು. ಹಾಗಾಗಿ ತ್ರಿಪುರಸುಂದರಿಯ ಕಾಯಿಲೆ ಆ ದಾರಿಯ ಕಂಡಕ್ಟರಿಗೂ ಗೊತ್ತಿದ್ದ ಸಂಗತಿ. ಅದರಿಂದ ಅವಳಿಗೆ ಏನೂ ನಷ್ಟವಾಗಲಿಲ್ಲ. ಆದರೆ ಎಲ್ಲರ ಮನೆಯಲ್ಲೂ ಶೇಷಮ್ಮ ಇರುವುದಿಲ್ಲ. ಇದನ್ನು ಅವಳು ರೆಕಾರ್ಡ್ ರೂಮಿನಲ್ಲಿ ಕೂತು ಕಲಿತಳು.

ತಿಂಗಳ ಎರಡನೇ ಮಂಗಳವಾರ ಮನೋವೈದ್ಯರು ಬರುತ್ತಾರೆ. ಆ ದಿನ ಬರುವವರನ್ನು ಆಸ್ಪತ್ರೆಯಲ್ಲಿ ಮಂಗಳವಾರದವರು ಎನ್ನುತ್ತಾರೆ. ಮೊದಮೊದಲು ಅವರಲ್ಲಿ ಅರ್ಧಕ್ಕರ್ಧ ಜನ ಸುಳ್ಳು ಹೆಸರು ಬರೆಸುತ್ತಿದ್ದರು. ಒಂದು ತಿಂಗಳು ಒಂದು ಹೆಸರು, ಮುಂದಿನ ತಿಂಗಳು ಇನ್ನೊಂದು. ಹಿಂದಿನ ಫೈಲು ಸಿಗುತ್ತಿರಲಿಲ್ಲ. ಒಬ್ಬ ಹೆಂಗಸಿಗೆ ಮೈಗೆ ಆಗದ ಮಾತ್ರೆಯನ್ನೇ ಎರಡನೇ ಸಲ ಬರೆದುಕೊಟ್ಟದ್ದರಿಂದ ಅವಳು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಳು. ಅಂದಿನಿಂದ ತ್ರಿಪುರಸುಂದರಿ ಒಬ್ಬೊಬ್ಬರನ್ನೇ ರೆಕಾರ್ಡ್ ರೂಮಿನ ಬಾಗಿಲಿಗೆ ಕರೆದು, ಒಳಗಿನ ರ‍್ಯಾಕು ತೋರಿಸಿ ಹೇಳತೊಡಗಿದಳು. "ನಿಜವಾದ ಹೆಸರು ಬರೆಸಿ. ಇಲ್ಲಿ ಬರೆದದ್ದು ಈ ಬಾಗಿಲು ದಾಟೋದಿಲ್ಲ. ಇದು ನನ್ನ ಮಾತು." ಜನ ಅವಳ ಮುಖ ನೋಡಿ ನಂಬಿದರು. ಸುಳ್ಳು ಹೆಸರುಗಳು ಒಂದೊಂದಾಗಿ ಹೋಗಿ ನಿಜವಾದವು ಬಂದವು.

ಹಾಗೆ ನಂಬಿದವರಲ್ಲಿ ಅರ್ಪಣಾ ಒಬ್ಬಳು. ಶೃಂಗೇರಿ ಹತ್ತಿರದ ಮೆಣಸೆಯವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಮೂವತ್ತನಾಲ್ಕು ವರ್ಷ. ಎರಡು ವರ್ಷದ ಹಿಂದೆ ಬಂದಾಗ ಅವಳಿಗೆ ರಾತ್ರಿ ನಿದ್ದೆ ಇರಲಿಲ್ಲ. ಬೋರ್ಡಿನ ಎದುರು ನಿಂತರೆ ಕೈ ನಡುಗಿ ಸೀಮೆಸುಣ್ಣ ಬೀಳುತ್ತಿತ್ತು. ಈಗ ಹುಷಾರಾಗಿದ್ದಾಳೆ. ಮನೆಯಲ್ಲಿ ಎನ್.ಆರ್. ಪುರದ ದೊಡ್ಡಮ್ಮನನ್ನು ನೋಡಲು ಹೋಗುತ್ತೇನೆಂದು ಹೇಳಿ ಬರುತ್ತಾಳೆ. ಅವಳಿಗೆ ಎನ್.ಆರ್. ಪುರದಲ್ಲಿ ದೊಡ್ಡಮ್ಮ ಯಾರೂ ಇಲ್ಲ.

ಇದು ಈ ವರ್ಷದ ಮಾತು. ಆಸ್ಪತ್ರೆಗೆ ದೊಡ್ಡ ಊರಿನ ಒಂದು ಸಂಶೋಧನಾ ಸಂಸ್ಥೆಯಿಂದ ಡಾಕ್ಟರ್ ಬಸವೇಶ್ ಎಂಬವರು ಬಂದರು. ಮಲೆನಾಡಿನಲ್ಲಿ ಮನಸ್ಸಿನ ಕಾಯಿಲೆಯವರು ಎಷ್ಟು ದೂರ ಬಂದು ಚಿಕಿತ್ಸೆ ತೆಗೆದುಕೊಳ್ಳುತ್ತಾರೆ, ಯಾಕೆ ನಡುವೆ ಬಿಡುತ್ತಾರೆ ಎಂಬುದು ಅವರ ಅಧ್ಯಯನ. ಅದಕ್ಕೆ ಮಂಗಳವಾರದವರ ಇಪ್ಪತ್ತು ವರ್ಷದ ಫೈಲುಗಳು ಬೇಕು. ಹೆಸರು, ಫೋನ್ ನಂಬರು, ಆಧಾರ್ ಎಲ್ಲ ತೆಗೆದು ಉಳಿದದ್ದನ್ನು ಮಾತ್ರ ಕೊಡುವುದು. ಸಂಶೋಧನೆಯ ನೀತಿ ನೋಡುವ ಎಥಿಕ್ಸ್ ಕಮಿಟಿ ಒಪ್ಪಿದೆ. ಟ್ರಸ್ಟಿನ ಕಾರ್ಯದರ್ಶಿ ಪುರುಷೋತ್ತಮ ರಾಯರಿಗೆ ಬಹಳ ಖುಷಿ, ಯಾಕೆಂದರೆ ಕೆಲಸ ಮುಗಿದರೆ ಸಂಸ್ಥೆಯವರು ಪ್ರತಿ ವಾರ ಒಬ್ಬ ಮನೋವೈದ್ಯರನ್ನು ಕಳಿಸುತ್ತೇವೆ ಎಂದಿದ್ದರು. ತಿಂಗಳಿಗೊಂದು ಮಂಗಳವಾರ ಹೋಗಿ ತಿಂಗಳಿಗೆ ನಾಲ್ಕು.

ತ್ರಿಪುರಸುಂದರಿಗೂ ಖುಷಿಯೇ ಆಯಿತು. ಅವಳು ನುಂಗಿದ ಮಾತ್ರೆಯನ್ನು ಅವಳಿಗಿಂತ ಮೊದಲು ಯಾರೋ ಎಲ್ಲೋ ನುಂಗಿದ್ದರು, ಅದರ ಲೆಕ್ಕವನ್ನು ಯಾರೋ ಬರೆದಿಟ್ಟಿದ್ದರು; ಹಾಗಾಗಿಯೇ ಅವಳಿಗೆ ಮಾತು ಮರಳಿತು. ಆ ಋಣ ಅವಳಿಗೆ ಗೊತ್ತು. ಅವಳೇ ಧೂಳು ಕೊಡವಿ ಫೈಲು ತೆಗೆದು ಕೊಟ್ಟಳು. ಸಂಸ್ಥೆಯಿಂದ ಬಂದ ಮಹಿಮಾ ಎಂಬ ಹುಡುಗಿ ಅಲ್ಲೇ ಕೂತು ಲ್ಯಾಪ್‌ಟಾಪಿಗೆ ಏರಿಸಿದಳು. ಶೃಂಗೇರಿ ಪೇಟೆಯ ಹುಡುಗಿ, ಚುರುಕು, ಕೆಲಸ ಮಾಡುತ್ತಲೇ ಮಾತಾಡುತ್ತಾಳೆ. ಮೊದಲ ದಿನ ಚಪ್ಪಲಿ ಹಾಕಿಕೊಂಡು ಒಳಗೆ ಬಂದವಳು ಮರುದಿನದಿಂದ ತಾನೇ ಹೊರಗೆ ಬಿಟ್ಟು ಬಂದಳು. ಮೂರು ತಿಂಗಳಲ್ಲಿ ಆರುನೂರ ಹನ್ನೆರಡು ಫೈಲು ಮುಗಿದವು.

ಒಂದು ಮಧ್ಯಾಹ್ನ ಮಹಿಮಾ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತಾ ಇದ್ದವಳು ಒಂದು ಕಡೆ ನಿಂತಳು.

"ಅಯ್ಯೋ ಅಕ್ಕಾ, ಇದು ನಮ್ಮ ಅರ್ಪಣಾ ಮಿಸ್ ಅಲ್ದಾ?"

ತ್ರಿಪುರಸುಂದರಿ ಫೈಲು ಕಟ್ಟುತ್ತಿದ್ದ ದಾರ ಕೈಯಲ್ಲೇ ಉಳಿಯಿತು. "ಹೆಸರೆಲ್ಲಿದೆ ಅದ್ರಲ್ಲಿ?"

"ಹೆಸರಿಲ್ಲ. ಆದ್ರೆ ನೋಡಿ, ಮೆಣಸೆ. ಹೆಂಗಸು. ಮೂವತ್ತನಾಲ್ಕು. ಹೈಸ್ಕೂಲ್ ಟೀಚರ್, ಗಣಿತ. ಮೆಣಸೆಯಲ್ಲಿ ಇನ್ಯಾರಿದ್ದಾರೆ ಅಕ್ಕ? ನನಗೆ ಅವರೇ ಆಲ್ಜೀಬ್ರಾ ಹೇಳಿಕೊಟ್ಟಿದ್ದು. ಪಾಪ, ಎಂತ ಆಗಿತ್ತು ಅವರಿಗೆ? ನಮ್ಮಮ್ಮನಿಗೆ ಹೇಳಿದ್ರೆ ನಂಬೋದೇ ಇಲ್ಲ."

"ಹೇಳಬೇಡ."

ಅವಳ ದನಿ ಹೇಗಿತ್ತೋ, ಮಹಿಮಾ ತಲೆ ಎತ್ತಿ ನೋಡಿದಳು. ಆಮೇಲೆ ಮುಖ ಕೆಂಪಾಯಿತು. "ಇಲ್ಲ ಅಕ್ಕ. ಹೇಳಲ್ಲ. ದೇವ್ರಾಣೆ ಹೇಳಲ್ಲ."

"ನೀನು ಹೇಳಲ್ಲ, ಸರಿ. ನೀನು ಒಳ್ಳೆಯವಳು. ನಿನ್ನ ಹಾಗೆ ಗುರುತು ಹಿಡಿಯೋ ಇನ್ನೊಬ್ಬರೂ ಒಳ್ಳೆಯವರೇ ಆಗಿರ್ತಾರಾ?"

ಆ ಸಂಜೆ ಅವಳು ಮಹಿಮಾಳ ಜೊತೆ ಕೂತು ಪಟ್ಟಿ ಪೂರ್ತಿ ನೋಡಿದಳು. ಹೆಸರು ತೆಗೆದಿದ್ದು ನಿಜ. ಆದರೆ ಊರಿನ ಹೆಸರು ಇತ್ತು, ವಯಸ್ಸು ಇತ್ತು, ಕಸುಬು ಇತ್ತು, ಬಂದ ತಾರೀಖು ಇತ್ತು. ನಗರದಲ್ಲಿ ಮೂವತ್ತನಾಲ್ಕು ವರ್ಷದ ಗಣಿತದ ಟೀಚರು ಎಂದರೆ ಸಾವಿರ ಜನ ಇರಬಹುದು. ಇಲ್ಲಿ ಒಂದು ಊರೆಂದರೆ ಗುಡ್ಡಕ್ಕೊಂದು ಮನೆ. ಒಂದು ಊರಿಗೆ ಒಬ್ಬ ಲೈನ್‌ಮನ್, ಒಬ್ಬ ಪುರೋಹಿತರು, ಒಬ್ಬಳು ಅಂಗನವಾಡಿ ಕಾರ್ಯಕರ್ತೆ. ಅಂಗನವಾಡಿ ಕಾರ್ಯಕರ್ತೆ, ನಲವತ್ತೊಂದು, ಇಂಥ ಊರು ಎಂದು ಬರೆದ ಮೇಲೆ ಹೆಸರು ಬರೆಯದೆ ಉಳಿಸಿದ್ದು ಏನು? ಪಟ್ಟಿ ಮಾಡಿದವರು ಮೋಸ ಮಾಡಿರಲಿಲ್ಲ. ಊರೆಂದರೆ ದೊಡ್ಡದಿರುತ್ತದೆ ಎಂದುಕೊಂಡಿದ್ದರು, ಅಷ್ಟೇ.

ಮುಂದಿನ ಮಂಗಳವಾರ ಅರ್ಪಣಾ ಬಂದಳು. ಬಸ್ಸಿನಲ್ಲೇ ತಿದ್ದಲೆಂದು ತಂದ ಟೆಸ್ಟ್ ಪೇಪರಿನ ಕಟ್ಟು ಕೈಯಲ್ಲಿತ್ತು. ತ್ರಿಪುರಸುಂದರಿ ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದಳು. ಗುರುತು ಹಿಡಿದವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ.

ಅರ್ಪಣಾ ಪೇಪರಿನ ಕಟ್ಟನ್ನು ಕೆಳಗಿಟ್ಟಳು. ಆಮೇಲೆ ಬೆರಳು ಮಡಚಿದಳು. "ಮೆಣಸೆ. ಅದ್ರಲ್ಲಿ ಹೆಂಗಸರು. ಅದ್ರಲ್ಲಿ ಮೂವತ್ತನಾಲ್ಕು. ಅದ್ರಲ್ಲಿ ಗಣಿತ. ಉಳಿಯೋದು ಎಷ್ಟು ಅಕ್ಕ? ನನ್ನ ಎಂಟನೇ ಕ್ಲಾಸಿನ ಮಕ್ಕಳೂ ಮಾಡೋ ಲೆಕ್ಕ ಇದು. ಒಂದು."

"ಹೌದು."

"ನೀವು ಮಾತು ಕೊಟ್ಟಿದ್ರಿ. ಇದೇ ಬಾಗಿಲಲ್ಲಿ ನಿಂತು."

"ಕೊಟ್ಟಿದ್ದೆ."

"ನಾನು ಸುಳ್ಳು ಹೆಸರೇ ಬರೆಸ್ಬೇಕು ಅಂತ ಬಂದಿದ್ದೆ ಅವತ್ತು. ಹೆಸರೂ ಹುಡುಕಿ ಇಟ್ಕೊಂಡಿದ್ದೆ." ಅವಳು ಎದ್ದು ಪೇಪರಿನ ಕಟ್ಟು ತೆಗೆದುಕೊಂಡಳು. "ಇನ್ನು ಬರಲ್ಲ ಅಕ್ಕ. ಮಾತ್ರೆ ಬಿಟ್ಟೇ ನೋಡ್ತೇನೆ. ಕೈ ನಡುಗಿದ್ರೆ ನಡುಗಲಿ. ಟೀಚರಿಗೆ ತಲೆ ಸರಿ ಇಲ್ಲ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಕೇಳೋದಕ್ಕಿಂತ ಅದು ವಾಸಿ."

"ಅರ್ಪಣಾ, ಒಂದು ಮಾತು. ನಿನ್ನ ಹತ್ರ ಬಂದು, ಹೀಗೀಗೆ, ನಿನ್ನ ವಿಷಯ ಬೇರೆಯವರಿಗೆ ಅನುಕೂಲ ಆಗ್ತದೆ, ಕೊಡ್ತೀಯಾ ಅಂತ ಕೇಳಿದ್ರೆ ಎಂತ ಹೇಳ್ತಿದ್ದೆ?"

ಅರ್ಪಣಾ ಬಾಗಿಲಲ್ಲಿ ನಿಂತಳು. "ಕೊಡ್ತಿದ್ದೆನೋ ಏನೋ. ಕೇಳಲಿಲ್ಲವಲ್ಲ."

"ಇನ್ನೊಂದು ತಿಂಗಳು ನನ್ನನ್ನ ನಂಬು. ಇವತ್ತು ಮಾತ್ರೆ ತಗೊಂಡು ಹೋಗು. ಮುಂದಿನ ಮಂಗಳವಾರದೊಳಗೆ ಆ ಪಟ್ಟಿ ಹೀಗೆಯೇ ಹೊರಗೆ ಹೋದ್ರೆ ನೀನು ಬರಬೇಡ. ನಾನೇ ಬಂದು, ನಾನು ಸುಳ್ಳು ಹೇಳಿದೆ ಅಂತ ನಿನ್ನ ಎದುರು ಒಪ್ಕೊಳ್ತೇನೆ."

ಅರ್ಪಣಾ ಮಾತ್ರೆ ತೆಗೆದುಕೊಂಡಳು. ಹೋಗುವಾಗ ಹೇಳಿ ಹೋಗಲಿಲ್ಲ.

ಪಟ್ಟಿ ಕಳಿಸುವ ದಿನ ರಾಯರ ಕೋಣೆಯಲ್ಲಿ ಎಲ್ಲರೂ ಸೇರಿದರು. ರಾಯರು, ಡಾಕ್ಟರ್ ಬಸವೇಶ್, ಲ್ಯಾಪ್‌ಟಾಪಿನ ಎದುರು ಮಹಿಮಾ. ಮೇಜಿನ ಮೇಲೆ ಒಂದು ಕಾಗದ. ರೆಕಾರ್ಡ್ ರೂಮಿನ ಜವಾಬ್ದಾರಿ ಹೊತ್ತವರು ಸಹಿ ಹಾಕಬೇಕಾದ ಕಾಗದ. ತ್ರಿಪುರಸುಂದರಿ ಕನ್ನಡಕ ಹಾಕಿಕೊಂಡು ಓದಿದಳು. ಈ ದಾಖಲೆಗಳಿಂದ ಯಾವ ರೋಗಿಯ ಗುರುತೂ ಸಿಗುವುದಿಲ್ಲವೆಂದು ತಾನು ಪರಿಶೀಲಿಸಿದ್ದೇನೆ ಎಂದು ಅದರಲ್ಲಿತ್ತು.

"ಇದಕ್ಕೆ ಸಹಿ ಹಾಕಕ್ಕಾಗಲ್ಲ ರಾಯರೇ."

ರಾಯರು ನಕ್ಕರು. "ಪೆನ್ ಬರಿತಿಲ್ವಾ ಸುಂದ್ರಮ್ಮ? ನನ್ನದು ತಗೊಳ್ಳಿ."

"ಪೆನ್ ಬರೀತದೆ. ಇದ್ರಲ್ಲಿ ಇರೋದು ನಿಜ ಅಲ್ಲ."

ಡಾಕ್ಟರ್ ಬಸವೇಶ್ ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ಕುರ್ಚಿ ಅವಳ ಕಡೆ ತಿರುಗಿಸಿಕೊಂಡರು. "ಅಮ್ಮಾ, ಹೆಸರು ಎಲ್ಲೂ ಇಲ್ಲ. ನಾನೇ ನೋಡಿದ್ದೇನೆ. ಯಾರನ್ನೂ ಕಂಡುಹಿಡಿಯೋಕೆ ಆಗಲ್ಲ."

"ಒಂದು ಸಾಲಿಗೆ ಈಗಾಗ್ಲೇ ಹೆಸರು ಬಂದಿದೆ ಡಾಕ್ಟ್ರೇ. ಯಾವುದು ಅಂತ ನಾನು ಹೇಳಲ್ಲ."

ಮಹಿಮಾ ತಲೆ ತಗ್ಗಿಸಿದಳು.

"ಸಾವಿರಕ್ಕೊಂದು ಹಾಗೆ ಆಗಬಹುದು. ಆಕಸ್ಮಿಕ," ಎಂದರು ಡಾಕ್ಟರು.

"ಆಕಸ್ಮಿಕವಾ? ನೋಡೋಣ." ಅವಳು ಮಹಿಮಾಗೆ ಒಂದು ಸಾಲಿನ ನಂಬರು ಹೇಳಿ, ಅದನ್ನು ತೆರೆಯಿಸಿದಳು. ಅಷ್ಟರಲ್ಲಿ ಕರಿಯಣ್ಣ ಚಹಾದ ತಟ್ಟೆ ಹಿಡಿದು ಒಳಗೆ ಬಂದ. "ಕರಿಯಣ್ಣ, ನಿಲ್ಲು. ಒಂದು ಓದ್ತೇನೆ. ಇದ್ರಲ್ಲಿ ಹೆಸರಿಲ್ಲ, ಯಾರು ಅಂತ ಯಾರಿಗೂ ಗೊತ್ತಾಗಲ್ಲವಂತೆ. ನಿನಗೆ ಗೊತ್ತಾಗ್ತದಾ ಹೇಳು."

"ನಾನೆಂತ ಹೇಳೋದು ಅಮ್ಮಾ, ನಾಲ್ಕನೇ ಕ್ಲಾಸು ನಾನು."

"ಅಷ್ಟು ಸಾಕು." ಅವಳು ಓದಿದಳು. "ಮುತ್ತಿನಕೊಪ್ಪ. ಹೆಂಗಸು. ಇಪ್ಪತ್ತೊಂಬತ್ತು ವರ್ಷ. ಮನೆಕೆಲಸ. ಮಗು ಹುಟ್ಟಿ ಒಂಬತ್ತು ದಿನಕ್ಕೆ ತೀರಿಕೊಂಡಿದೆ. ಹನ್ನೊಂದು ವಾರದಿಂದ ಮಾತಿಲ್ಲ. ಜೊತೆಗೆ ಬಂದವರು, ಅತ್ತೆ."

ಕರಿಯಣ್ಣ ತಟ್ಟೆಯನ್ನು ಮೇಜಿನ ಮೇಲಿಟ್ಟ. ಯಾರ ಮುಖವನ್ನೂ ನೋಡದೆ ಅಂದ, "ಅಮ್ಮಾ, ಇದೆಂತ ಕೇಳ್ತೀರಿ. ಅದು ನೀವಲ್ವಾ. ಶೇಷಮ್ಮನೋರು ಕರ್ಕೊಂಡು ಬರ್ತಿದ್ರಲ್ಲ."

"ನಾನೇ," ಎಂದಳು ತ್ರಿಪುರಸುಂದರಿ. "ಹೋಗು ಕರಿಯಣ್ಣ. ಚಹಾ ಚೆನ್ನಾಗಿದೆ."

"ಇನ್ನೂ ಕುಡಿದೇ ಇಲ್ಲ ನೀವು," ಎಂದು ಗೊಣಗಿ ಅವನು ಹೋದ.

ಡಾಕ್ಟರ್ ಬಸವೇಶ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತರು. ಇಪ್ಪತ್ತು ವರ್ಷದ ಹಿಂದಿನ ಸಂಗತಿ; ರಾಯರಿಗೂ ಗೊತ್ತಿದ್ದದ್ದೇ. ಆದರೆ ಅದು ಹೀಗೆ ಮೇಜಿನ ಮೇಲೆ ಬಂದು ಕೂರುತ್ತದೆ ಎಂದು ಅವರು ಎಣಿಸಿರಲಿಲ್ಲ.

"ಊರಿನ ಹೆಸರು ತೆಗೆದು ತಾಲ್ಲೂಕು ಹಾಕಿ," ಎಂದಳು ಅವಳು. "ಇಪ್ಪತ್ತೊಂಬತ್ತು ಅನ್ನೋ ಬದಲು ಇಪ್ಪತ್ತರಿಂದ ಮೂವತ್ತು. ಲೈನ್‌ಮನ್, ಅಂಗನವಾಡಿ ಅನ್ನೋ ಬದಲು ಸಂಬಳದ ಕೆಲಸ. ತಾರೀಖು ಬೇಡ, ವರ್ಷ ಸಾಕು. ಆಮೇಲೆ ಈಗಲೂ ಬರ್ತಿರೋ ಜನರನ್ನ ಕೇಳಿ. ಬರದೇ ಇರೋರಿಗೆ ನಾನು ಫೋನ್ ಮಾಡ್ತೇನೆ, ಸಿಗದಿದ್ರೆ ಬಸ್ಸು ಹತ್ತಿ ಹೋಗ್ತೇನೆ. ಬೇಡ ಅಂದವರದ್ದು ಬಿಡಿ."

"ಊರು ತೆಗೆದ್ರೆ ನನ್ನ ಅಧ್ಯಯನಕ್ಕೆ ಅರ್ಥ ಇರಲ್ಲಮ್ಮ," ಎಂದರು ಡಾಕ್ಟರು. "ಹತ್ತಿರದ ಆಸ್ಪತ್ರೆ ಬಿಟ್ಟು ಜನ ಇಷ್ಟು ದೂರ ಯಾಕೆ ಬರ್ತಾರೆ ಅನ್ನೋದೇ ನನ್ನ ಪ್ರಶ್ನೆ."

"ಅದಕ್ಕೆ ಆರುನೂರ ಹನ್ನೆರಡು ಫೈಲು ಯಾಕೆ? ನನ್ನನ್ನ ಕೇಳಿ. ಗುರುತಿನವರಿಗೆ ಗೊತ್ತಾಗಬಾರದು ಅಂತ ಬರ್ತಾರೆ. ಎರಡು ಬಸ್ಸು ಬದಲಿಸಿ, ಮನೆಯಲ್ಲಿ ಸುಳ್ಳು ಹೇಳಿ, ಯಾರ ಕಣ್ಣಿಗೂ ಬೀಳದ ಹಾಗೆ ಬಂದು ಇಲ್ಲಿ ಬೆಂಚಿನ ತುದಿಯಲ್ಲಿ ಕೂರ್ತಾರೆ. ಅವರು ಯಾಕೆ ಅಡಗಿದ್ದಾರೆ ಅಂತ ತಿಳ್ಕೊಳ್ಳೋಕೆ, ಅಡಗಿದ ಜಾಗದ ವಿಳಾಸವನ್ನೇ ಬರೆದು ಕಳಿಸ್ತೀರಾ ಡಾಕ್ಟ್ರೇ?"

ರಾಯರು ಈಗ ಮಾತಾಡಿದರು. "ಸುಂದ್ರಮ್ಮ, ಇದನ್ನ ಓದೋರು ಎಲ್ಲೋ ದೂರದಲ್ಲಿ ಇರ್ತಾರೆ. ಮುತ್ತಿನಕೊಪ್ಪ ಎಲ್ಲಿದೆ ಅಂತ ಕೂಡ ಅವರಿಗೆ ಗೊತ್ತಿಲ್ಲ."

"ಎಲ್ಲ ಊರಿಂದಲೂ ಎಲ್ಲ ಕಡೆಗೂ ಜನ ಹೋಗಿದ್ದಾರೆ ರಾಯರೇ. ಈ ಮೇಜಿನ ಹತ್ರವೇ ಶೃಂಗೇರಿಯವಳು ಕೂತಿದ್ದಾಳೆ."

ಮಹಿಮಾ ಆಗ ಬಾಯಿ ಬಿಟ್ಟಳು. "ನನಗೇ ಗೊತ್ತಾಗಿದ್ದು ಸರ್. ಆ ಸಾಲು. ನೋಡಿದ ಕೂಡಲೇ. ತಪ್ಪಾಯ್ತು."

"ನಿನ್ನ ತಪ್ಪಲ್ಲ ಕೂಸೇ," ಎಂದಳು ತ್ರಿಪುರಸುಂದರಿ. "ಕಣ್ಣಿದ್ದವರಿಗೆ ಕಾಣ್ತದೆ. ಕಾಣೋ ಹಾಗೆ ಬರೆದದ್ದು ತಪ್ಪು."

ಡಾಕ್ಟರ್ ಬಸವೇಶ್ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ರಾಯರಿಗೆ ಹೇಳಿದರು. ಇವರ ಸಹಿ ಇಲ್ಲದೆ ತಾನು ಪಟ್ಟಿ ಒಯ್ಯುವಂತಿಲ್ಲ. ಇವರು ಹೇಳಿದ ಹಾಗೆ ಮಾಡಬೇಕಾದರೆ ಮತ್ತೆ ಕಮಿಟಿಯ ಎದುರು ಹೋಗಬೇಕು, ಆರು ತಿಂಗಳಾದರೂ ಹಿಡಿಯುತ್ತದೆ. ಅಷ್ಟರಲ್ಲಿ ಸಂಸ್ಥೆಯವರು ಬೇರೆ ಜಿಲ್ಲೆಯ ಆಸ್ಪತ್ರೆ ನೋಡಿಕೊಳ್ಳಲೂಬಹುದು. "ಸಂಜೆವರೆಗೆ ಇಲ್ಲೇ ಇರ್ತೇನೆ. ನೀವು ಮಾತಾಡ್ಕೊಳ್ಳಿ," ಎಂದು ಎದ್ದು ಹೋದರು. ಬಾಗಿಲಲ್ಲಿ ತಿರುಗಿ ತ್ರಿಪುರಸುಂದರಿಗೆ ಕೈ ಮುಗಿದರು. ಅವಳೂ ಮುಗಿದಳು.

ಪ್ರತಿ ವಾರ ಬರುವ ಡಾಕ್ಟರು ಎಂದರೆ ಏನೆಂದು ಅವಳಿಗೆ ರಾಯರಿಗಿಂತ ಚೆನ್ನಾಗಿ ಗೊತ್ತಿತ್ತು. ಎರಡನೇ ಮಂಗಳವಾರ ತಪ್ಪಿಸಿಕೊಂಡವರು ಇನ್ನೊಂದು ತಿಂಗಳು ಹೇಗೆ ತಳ್ಳುತ್ತಾರೆಂದು ಅವಳು ನೋಡಿದ್ದಳು. ತಳ್ಳಲಾಗದೆ ಹೋದ ಇಬ್ಬರ ಫೈಲುಗಳು ಕೆಳಗಿನ ರ‍್ಯಾಕಿನಲ್ಲಿ ಇದ್ದವು. ಮಧ್ಯಾಹ್ನ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಟ್ಟಳು. ತಾನು ಹಟ ಮಾಡುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. ದೇವರೇ, ತಪ್ಪಿದ್ದರೆ ತಿದ್ದು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮತ್ತೆ ಮತ್ತೆ ಕಿವಿಗೆ ಬಂದದ್ದು ಅರ್ಪಣಾಳ ಮಾತೇ. ಕೇಳಲಿಲ್ಲವಲ್ಲ. ವಾರಕ್ಕೊಬ್ಬ ಡಾಕ್ಟರು ಬಂದು ಕೂತರೂ, ಬೆಂಚಿನ ಮೇಲೆ ಕೂರುವವರೇ ಇರದಿದ್ದರೆ ಯಾರಿಗೆ ಬಂತು ಭಾಗ್ಯ?

ನಾಲ್ಕು ಗಂಟೆಗೆ ರಾಯರೇ ರೆಕಾರ್ಡ್ ರೂಮಿನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ನಿಂತರು. ಅವರು ಕೆಟ್ಟವರಲ್ಲ. ಆ ಆಸ್ಪತ್ರೆಗಾಗಿ ಮನೆಮನೆ ತಿರುಗಿ ಮಂಚ, ಹಾಸಿಗೆ, ಫ್ಯಾನು ಬೇಡಿ ತಂದವರು.

"ಸುಂದ್ರಮ್ಮ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಬೇಜಾರಾಯ್ತು. ನಿಮ್ಮ ಮನೆ ವಿಷಯ ಅಲ್ಲಿ ಹಾಗೆ ಓದಬಾರದಿತ್ತು."

"ಬೇರೆಯವರದ್ದು ಓದೋ ಹಕ್ಕು ನನಗಿಲ್ಲವಲ್ಲ ರಾಯರೇ. ಇದ್ದದ್ದು ಒಂದೇ."

"ಸರಿ. ಕೇಳಿ. ಡಾಕ್ಟರ ಹತ್ರ ಮಾತಾಡಿದ್ದೇನೆ. ನಿಮ್ಮ ಸಾಲನ್ನ ತೆಗೆಸಿಬಿಡ್ತೇನೆ. ಪೂರ್ತಿ. ಫೈಲೂ ನೀವೇ ಮನೆಗೆ ತಗೊಂಡು ಹೋಗಿ, ಸುಟ್ಟು ಹಾಕಿದ್ರೂ ನಾನು ಕೇಳಲ್ಲ. ಆ ಇನ್ನೊಬ್ಬರು ಯಾರೋ ಅಂದ್ರಲ್ಲ, ಯಾವ ಸಾಲು ಅಂತ ಹೇಳಿ, ಅದನ್ನೂ ತೆಗೆಸ್ತೇನೆ. ಇದು ನಾನು ನಿಮಗೋಸ್ಕರ ಮಾಡೋದು, ಬೇರೆ ಯಾರಿಗೂ ಮಾಡಲ್ಲ. ಉಳಿದದ್ದಕ್ಕೆ ಒಂದು ಸಹಿ ಹಾಕಿ. ವಾರವಾರ ಡಾಕ್ಟರು ಬರ್ಲಿ. ಪುಣ್ಯ ಬರ್ತದೆ ನಿಮಗೆ."

ತ್ರಿಪುರಸುಂದರಿ ಕೂತಲ್ಲಿಂದ ಎದ್ದಳು. ರಾಯರು ಹಿರಿಯರು, ಕೂತು ಉತ್ತರ ಕೊಡುವುದು ಅವಳಿಗೆ ಸರಿಕಾಣಲಿಲ್ಲ. ಎದ್ದು ಬಂದು ಹೊಸ್ತಿಲ ಈಚೆ ನಿಂತಳು.

"ಯಾವ ಸಾಲು ಅಂತ ನಾನು ಹೇಳಿದ್ರೆ, ಅದನ್ನ ತೆಗೆಸೋ ಮೊದಲು ನಿಮಗೆ ಗೊತ್ತಾಗ್ತದೆ. ಆಮೇಲೆ ತೆಗೆಸಿದ್ರೆಂತ, ಬಿಟ್ರೆಂತ?"

"ನಾನು ಯಾರಿಗೆ ಹೇಳ್ತೇನೆ ಮಾರಾಯ್ತಿ?"

"ಹೇಳಲ್ಲ. ನನಗೆ ಗೊತ್ತು. ಆದ್ರೂ ಹೇಳಲ್ಲ ನಾನು."

"ಆಯ್ತು, ನಿಮ್ಮದಾದ್ರೂ ತೆಗೆಸ್ತೇನೆ. ಅದಕ್ಕೆ ಒಪ್ಕೊಳ್ಳಿ."

"ಬೇಡ ರಾಯರೇ. ನನ್ನದು ಇರ್ಲಿ. ಊರಿರ್ಲಿ, ವಯಸ್ಸಿರ್ಲಿ, ಬೇಕಾದ್ರೆ ಪಕ್ಕದಲ್ಲಿ ತ್ರಿಪುರಸುಂದರಿ ಅಂತ ಹೆಸರೂ ಬರೆಸಿ. ನನ್ನನ್ನ ಕೇಳಿದ್ರಿ, ನಾನು ಕೊಟ್ಟೆ. ಇನ್ನು ಆರುನೂರ ಹನ್ನೊಂದು ಜನರನ್ನ ಕೇಳೋದು ಬಾಕಿ ಇದೆ. ಅಲ್ಲಿವರೆಗೆ ನಿಮ್ಮ ಉಪಕಾರವೂ ಬೇಡ, ನನ್ನ ಸಹಿಯೂ ಇಲ್ಲ."